ಮೂಕಿ ಕಾಲದ ಒಬ್ಬ ಪೋಷಕ ನಟನ ಚಿತ್ರಪಟ್ಟಿ ಕಟ್ಟಿದ ಅನುಭವ

ಅಮೆರಿಕದ ಮೂಕಿ ಚಿತ್ರಗಳ ನಾಯಕ ನಟರ ಬಗ್ಗೆ ಪುಸ್ತಕಗಳಿಗೆ ಬರವಿಲ್ಲ. ಪೋಷಕ ನಟರ ಬಗ್ಗೆ ಸಿಗುವುದು ಬಹುಪಾಲು ಬರೀ ಪಟ್ಟಿ, ಅದೂ ಒಬ್ಬರಿಂದ ಒಬ್ಬರು ನಕಲು ಮಾಡಿಕೊಂಡದ್ದು. ಟಲ್ಲಿ ಮಾರ್ಷಲ್‌ನ ವೃತ್ತಿಜೀವನವನ್ನು ನಾನು ಆ ಕಾಲದ ಕಾಗದಪತ್ರಗಳಿಂದಲೇ ಕಟ್ಟಲು ಹೊರಟದ್ದು ಅದಕ್ಕಾಗಿ. 1864ರಲ್ಲಿ ಕ್ಯಾಲಿಫೋರ್ನಿಯಾದ ನೆವಾಡಾ ಸಿಟಿಯಲ್ಲಿ ಹುಟ್ಟಿದ ಈತನ ಮೊದಲ ಹೆಸರು ವಿಲಿಯಂ ಫಿಲಿಪ್ಸ್. ನ್ಯೂಯಾರ್ಕ್ ರಂಗಭೂಮಿಯಲ್ಲಿ ಹೆಸರು ಮಾಡಿ, ಐವತ್ತರ ಹೊತ್ತಿಗೆ, 1914ರಲ್ಲಿ ಸಿನಿಮಾಕ್ಕೆ ಬಂದ. 1942ರಲ್ಲೂ ತೆರೆಯ ಮೇಲಿದ್ದ. ಹುಚ್ಚು ಸನ್ಯಾಸಿ, ಮುದಿ ವಕೀಲ, ಕುಟಿಲ ದೊರೆ: ಇಂಥ ಪಾತ್ರ ಬಂದರೆ ಸ್ಟುಡಿಯೋಗಳಿಗೆ ನೆನಪಾಗುತ್ತಿದ್ದ ಮುಖ ಇವನದು.

1914ರಲ್ಲಿ ಬಂದವನಾದ್ದರಿಂದ ಒಂದು ದೊಡ್ಡ ತೊಡಕು ತಪ್ಪುತ್ತದೆ. ಬಯೋಗ್ರಾಫ್ ಎಂಬ ಚಿತ್ರ ತಯಾರಿಕಾ ಕಂಪನಿ 1913ರವರೆಗೆ ತನ್ನ ನಟರ ಹೆಸರನ್ನೇ ಪ್ರಕಟಿಸುತ್ತಿರಲಿಲ್ಲ. ಅದಕ್ಕಿಂತ ಹಿಂದಿನ ನಟರನ್ನು ಎತ್ತಿಕೊಂಡರೆ ಮುಖ ನೋಡಿಯೇ ಗುರುತಿಸಬೇಕು.

ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಚಿತ್ರಕ್ಕೆ ಒಂದು ಸಾಲು. ಬಿಡುಗಡೆಯಾದ ಹೆಸರು, ತಯಾರಿಕೆಯ ವೇಳೆಯ ಹೆಸರು, ಕಂಪನಿ, ಕಾಪಿರೈಟ್ ದಿನಾಂಕ, ಬಿಡುಗಡೆ ದಿನಾಂಕ, ರೀಲು ಮತ್ತು ಅಡಿ, ಪಾತ್ರದ ಹೆಸರು, ಆಧಾರ, ಪ್ರತಿಯ ಸ್ಥಿತಿ. ಆಧಾರದ ಕಾಲಂನಲ್ಲಿ ಪತ್ರಿಕೆಯ ಹೆಸರು ಮಾತ್ರ ಸಾಲದು, ಸಂಚಿಕೆಯ ದಿನಾಂಕ ಮತ್ತು ಪುಟ ಬೇಕೇ ಬೇಕು. ಕಾರಣ ಇದು: ‘ಇಂಥ ಚಿತ್ರಕ್ಕೆ ಮಾರ್ಷಲ್ ಆಯ್ಕೆಯಾಗಿದ್ದಾನೆ’ ಎಂಬ ಸುದ್ದಿ ಚಿತ್ರೀಕರಣಕ್ಕೆ ಮೊದಲೇ ಅಚ್ಚಾಗಿರುತ್ತದೆ. ಆಮೇಲೆ ಪಾತ್ರ ಬೇರೆಯವರ ಪಾಲಾಗಿರಬಹುದು, ಅಥವಾ ಸಂಕಲನದಲ್ಲಿ ಹಾರಿಹೋಗಿರಬಹುದು. ಪಟ್ಟಿಗಳಲ್ಲಿ ಸುಳ್ಳು ಚಿತ್ರಗಳು ಸೇರಿಕೊಳ್ಳುವ ಮುಖ್ಯ ದಾರಿ ಇದೇ. ಬಿಡುಗಡೆಯ ನಂತರದ ಒಂದಾದರೂ ಆಧಾರ, ಅಂದರೆ ವಿಮರ್ಶೆಯೋ ಅಚ್ಚಾದ ಪಾತ್ರವರ್ಗವೋ, ಸಿಗುವ ತನಕ ನಾನು ಆ ಸಾಲನ್ನು ಹಳದಿ ಬಣ್ಣದಲ್ಲೇ ಇಡುತ್ತೇನೆ.

ಪತ್ರಿಕೆಗಳಿಗೆ ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ ಇದೆ. ‘ಮೂವಿಂಗ್ ಪಿಕ್ಚರ್ ವರ್ಲ್ಡ್’, ‘ಮೋಷನ್ ಪಿಕ್ಚರ್ ನ್ಯೂಸ್’, ‘ಫೋಟೋಪ್ಲೇ’ ಎಲ್ಲವೂ ಅಲ್ಲಿ ಉಚಿತ. ಹುಡುಕಲು ಅದರದ್ದೇ ಲ್ಯಾಂಟರ್ನ್ ಎಂಬ ವ್ಯವಸ್ಥೆ. ನಟನ ಹೆಸರು ಹಾಕಿ ಬಂದದ್ದನ್ನಷ್ಟೇ ನಂಬಿದರೆ ಎಷ್ಟೋ ಪುಟ ಕೈತಪ್ಪುತ್ತವೆ. ಯಂತ್ರ ಓದಿದ ಅಕ್ಷರಗಳಲ್ಲಿ ‘ಟಲ್ಲಿ’ಯ ಎರಡು ‘ಎಲ್’ಗಳಲ್ಲಿ ಒಂದು ‘ಐ’ ಆಗುತ್ತದೆ, ಕೊನೆಯ ‘ವೈ’ ‘ವಿ’ ಆಗುತ್ತದೆ. ಕಾಲಂ ಕಿರಿದಾದಲ್ಲಿ ‘ಮಾರ್ಷಲ್’ ಎರಡು ಸಾಲಿಗೆ ಒಡೆದು ಹುಡುಕಾಟಕ್ಕೆ ಸಿಗುವುದೇ ಇಲ್ಲ. ಹಾಗಾಗಿ ಚಿತ್ರದ ಹೆಸರು, ಜೊತೆಗೆ ನಟಿಸಿದವರ ಹೆಸರು, ಪಾತ್ರದ ಹೆಸರು ಹಾಕಿಯೂ ಹುಡುಕಬೇಕು. ಬಿಡುಗಡೆಯ ಹಿಂದೆ ಮುಂದೆ ಎರಡೆರಡು ತಿಂಗಳ ಸಂಚಿಕೆಗಳನ್ನು ಪುಟ ತಿರುವಿ ಕಣ್ಣಿಂದಲೇ ನೋಡಬೇಕು. ಬೇಸರದ ಕೆಲಸ ನಿಜ, ಆದರೆ ಬೇರೆ ಉಪಾಯವಿಲ್ಲ.

ಇನ್ನು ಎಣಿಕೆ. 1916ರ ‘ಇಂಟಾಲರೆನ್ಸ್’ ಚಿತ್ರದ ಬ್ಯಾಬಿಲೋನ್ ಕಥೆಯಲ್ಲಿ ಮಾರ್ಷಲ್ ಪ್ರಧಾನ ಅರ್ಚಕ. 1919ರಲ್ಲಿ ನಿರ್ದೇಶಕ ಡಿ. ಡಬ್ಲ್ಯೂ. ಗ್ರಿಫಿತ್ ಅದೇ ಚಿತ್ರದಿಂದ ಬ್ಯಾಬಿಲೋನ್ ಭಾಗವನ್ನು ಬೇರ್ಪಡಿಸಿ, ಒಂದಷ್ಟು ಬದಲಿಸಿ, ‘ದ ಫಾಲ್ ಆಫ್ ಬ್ಯಾಬಿಲೋನ್’ ಎಂದು ಹೊರತಂದ. ಪಟ್ಟಿಯಲ್ಲಿ ಇವು ಎರಡು ಚಿತ್ರ, ನಟನ ದುಡಿಮೆ ಒಂದೇ. ನಾನು ಎರಡನೆಯದನ್ನು ಮೊದಲಿನದರ ಕೆಳಗೆ ಉಪಸಾಲಾಗಿ ಹಾಕುತ್ತೇನೆ, ಒಟ್ಟು ಲೆಕ್ಕಕ್ಕೆ ಸೇರಿಸುವುದಿಲ್ಲ. ‘ಕ್ವೀನ್ ಕೆಲ್ಲಿ’ಯ ಕತೆ ಇದಕ್ಕೆ ತದ್ವಿರುದ್ಧ. 1929ರ ಜನವರಿಯಲ್ಲಿ ಚಿತ್ರೀಕರಣ ಅರ್ಧಕ್ಕೆ ನಿಂತಿತು. ಮಾರ್ಷಲ್ ಇದ್ದದ್ದು ಆಫ್ರಿಕಾದಲ್ಲಿ ನಡೆಯುವ ಭಾಗದಲ್ಲಿ. 1930ರ ದಶಕದಲ್ಲಿ ಯುರೋಪಿನಲ್ಲಿ ತೋರಿಸಿದ ಆವೃತ್ತಿಯಲ್ಲಿ ಆ ಭಾಗವೇ ಇಲ್ಲ. 1985ರ ಪುನರ್ರಚನೆಯಲ್ಲಿ ಅದು ಮರಳಿ ಬಂತು. ಒಂದೇ ಶೀರ್ಷಿಕೆಯ ಎರಡು ಆವೃತ್ತಿ, ಒಂದರಲ್ಲಿ ಇದ್ದಾನೆ, ಇನ್ನೊಂದರಲ್ಲಿ ಇಲ್ಲ. ಯಾವ ಆವೃತ್ತಿ ನೋಡಿದಿರಿ ಎಂದು ಬರೆಯದಿದ್ದರೆ ಆ ಸಾಲಿಗೆ ಬೆಲೆಯೇ ಇಲ್ಲ.

ಕೈಗೆ ಸಿಕ್ಕ ಪ್ರತಿ ಪೂರ್ತಿಯೇ ಎಂದು ತಿಳಿಯಲು ಅಡಿಲೆಕ್ಕ ಮಾಡಬೇಕು. 35 ಮಿ.ಮೀ. ಫಿಲಂನಲ್ಲಿ ಒಂದು ಅಡಿಗೆ 16 ಚೌಕಟ್ಟು (ಫ್ರೇಮ್), 16 ಮಿ.ಮೀ.ನಲ್ಲಿ 40. ಒಂದು ರೀಲು ಹೆಚ್ಚೆಂದರೆ 1,000 ಅಡಿ, ಅಂದರೆ 16,000 ಚೌಕಟ್ಟು. ಸೆಕೆಂಡಿಗೆ 16ರ ವೇಗದಲ್ಲಿ ಅದು ಹದಿನಾರೂವರೆ ನಿಮಿಷಕ್ಕೆ ತುಸು ಹೆಚ್ಚು, 18ರಲ್ಲಿ ಹದಿನೈದಕ್ಕೆ ತುಸು ಕಡಿಮೆ, 24ರಲ್ಲಿ ಹನ್ನೊಂದು. ಅದಕ್ಕೇ ನಿಮಿಷಗಳನ್ನು ಹೋಲಿಸಬಾರದು, ಅಡಿಗಳನ್ನು ಹೋಲಿಸಬೇಕು. 1923ರ ‘ದ ಹಂಚ್‌ಬ್ಯಾಕ್ ಆಫ್ ನಾತ್ರ್ ದಾಮ್’ನಲ್ಲಿ ಮಾರ್ಷಲ್ ಹನ್ನೊಂದನೆಯ ಲೂಯಿ ದೊರೆ. ಆ ಚಿತ್ರ ನಮಗೆ ಉಳಿದಿರುವುದು ಮನೆಯಲ್ಲಿ ತೋರಿಸಲು ಇಳಿಸಿದ 16 ಮಿ.ಮೀ. ಪ್ರತಿಗಳಿಂದ. ಅವುಗಳ ಉದ್ದವನ್ನು ಎರಡೂವರೆಯಿಂದ ಗುಣಿಸಿ, ಬಿಡುಗಡೆ ವೇಳೆ ಪತ್ರಿಕೆ ಕೊಟ್ಟ ಅಡಿಗಳ ಪಕ್ಕದಲ್ಲಿಟ್ಟರೆ ಎಷ್ಟು ಕಡಿಮೆ ಎಂದು ತಿಳಿಯುತ್ತದೆ. ಪೋಷಕ ನಟನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಕತ್ತರಿ ಮೊದಲು ಬೀಳುವುದು ಅವನ ದೃಶ್ಯಗಳ ಮೇಲೆಯೇ.

ಮುಖ ಗುರುತಿಸುವಾಗ ಗಡ್ಡ, ಹುಬ್ಬು, ಕೂದಲು ಯಾವುದನ್ನೂ ಲೆಕ್ಕಕ್ಕಿಡಬೇಡಿ, ಎಲ್ಲವೂ ಅಂಟಿಸಿದ್ದಿರಬಹುದು. ನಾನು ನೋಡುವುದು ಕಿವಿ: ಹಾಲೆ ಕೆನ್ನೆಗೆ ಅಂಟಿದೆಯೋ ಜೋತಿದೆಯೋ, ಮೇಲಿನ ಮಡಿಕೆ ಎಲ್ಲಿ ತಿರುಗುತ್ತದೆ. ಜೊತೆಗೆ ಕೈಬೆರಳು, ನಡಿಗೆ. ಬಣ್ಣದ ಬಗ್ಗೆಯೂ ಎಚ್ಚರ ಬೇಕು. 1920ರ ದಶಕದ ನಡುವಿನ ತನಕ ಹೆಚ್ಚಾಗಿ ಬಳಸಿದ ಆರ್ಥೋಕ್ರೊಮ್ಯಾಟಿಕ್ ಫಿಲಂಗೆ ಕೆಂಪು ಕಾಣುವುದಿಲ್ಲ. ತುಟಿ, ಕೆನ್ನೆಯ ಕೆಂಪು ಕಪ್ಪಾಗುತ್ತದೆ, ನೀಲಿ ಕಣ್ಣು ಬೆಳ್ಳಗೆ ಬತ್ತಿದಂತೆ ಕಾಣುತ್ತದೆ. ಆಮೇಲೆ ಬಂದ, ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲಂನಲ್ಲಿ ಅದೇ ಮನುಷ್ಯ ಬೇರೆಯೇ ಆಗಿ ಕಾಣುತ್ತಾನೆ. 1916ರ ಸ್ಥಿರಚಿತ್ರವನ್ನು 1928ರದಕ್ಕೆ ಹೋಲಿಸುವ ಬದಲು ಆಸುಪಾಸಿನ ವರ್ಷಗಳದ್ದನ್ನೇ ಹುಡುಕಿ. ಸ್ಥಿರಚಿತ್ರದ ಮೂಲೆಯಲ್ಲಿ ಅಡ್ಡಗೆರೆ ಹಾಕಿ ಬರೆದ ಸಂಖ್ಯೆ ಇದ್ದರೆ, ಗೆರೆಯ ಹಿಂದಿನದು ಸಾಮಾನ್ಯವಾಗಿ ಚಿತ್ರದ ಸಂಖ್ಯೆ, ಮುಂದಿನದು ಆ ಫೋಟೋದ ಸಂಖ್ಯೆ. ಹೆಸರಿಲ್ಲದ ಫೋಟೋ ಯಾವ ಚಿತ್ರದ್ದೆಂದು ಇದರಿಂದ ಪತ್ತೆಯಾಗುತ್ತದೆ.

ನೋಡಲು ಪ್ರತಿಯೇ ಇಲ್ಲದ ಚಿತ್ರಗಳೇ ಹೆಚ್ಚು. 2013ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಪ್ರಕಟಿಸಿದ ಡೇವಿಡ್ ಪಿಯರ್ಸ್ ವರದಿಯ ಪ್ರಕಾರ 1912ರಿಂದ 1929ರವರೆಗಿನ 10,919 ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲಿ ಉಳಿದವು ಶೇ. 14 ಮಾತ್ರ. ಕಳೆದುಹೋದ ಚಿತ್ರದಲ್ಲಿ ನಟನೆ ಹೇಗಿತ್ತೆಂದು ನನ್ನ ಮಾತಿನಲ್ಲಿ ಒಂದಕ್ಷರವನ್ನೂ ಬರೆಯುವುದಿಲ್ಲ. ಆ ಕಾಲದವರು ಬರೆದದ್ದನ್ನು ದಿನಾಂಕ ಸಮೇತ ಇಡುತ್ತೇನೆ. ಇದಕ್ಕೆ ವಿಮರ್ಶೆಗಿಂತ ‘ಎಕ್ಸಿಬಿಟರ್ಸ್ ಹೆರಾಲ್ಡ್’ ಪತ್ರಿಕೆಯಲ್ಲಿ ಚಿತ್ರಮಂದಿರದ ಮಾಲೀಕರೇ ಬರೆಯುತ್ತಿದ್ದ ಅಂಕಣ ಒಳ್ಳೆಯ ಆಕರ. ಯಾವ ಚಿತ್ರಕ್ಕೆ ಜನ ಬಂದರು, ಯಾವುದಕ್ಕೆ ಬರಲಿಲ್ಲ ಎಂದು ಅವರು ಊರಿನ ಹೆಸರು ಸಮೇತ ನೇರವಾಗಿ ಬರೆದಿದ್ದಾರೆ. ಪೋಷಕ ನಟನೊಬ್ಬನ ಹೆಸರೆತ್ತಿ ಎರಡು ಮಾತು ಹೇಳಿದ ಕಡೆ ಆ ಸಾಲನ್ನು ಇದ್ದ ಹಾಗೆಯೇ ಪಟ್ಟಿಗೆ ಇಳಿಸಿಕೊಳ್ಳುತ್ತೇನೆ.