ಎಂಜಿನ್ ಯಾವಾಗ ಸದ್ದು ಮಾಡುತ್ತೆ? ಕಿವಿಗೊಟ್ಟು ಪತ್ತೆ ಮಾಡುವುದು ಹೀಗೆ

"ಎಂಜಿನ್‌ನಿಂದ ಏನೋ ಸದ್ದು ಬರ್ತಿದೆ, ಸ್ವಲ್ಪ ನೋಡಿ." ಹೀಗೆ ಹೇಳಿ ಕಾರನ್ನು ಗ್ಯಾರೇಜಿನಲ್ಲಿ ಬಿಟ್ಟು ಬರುತ್ತೇವೆ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ನೋಡುತ್ತಾರೆ. ಅಷ್ಟರಲ್ಲಿ ಎಂಜಿನ್ ಬಿಸಿಯಾಗಿರುತ್ತದೆ, ಬೆಳಿಗ್ಗೆ ಕೇಳಿದ ಸದ್ದು ಮಾಯವಾಗಿರುತ್ತದೆ. "ಏನೂ ಇಲ್ವಲ್ಲ ಸಾರ್" ಎಂದು ಕೀ ವಾಪಸ್ ಕೊಡುತ್ತಾರೆ. ಮಾರನೇ ದಿನ ಬೆಳಿಗ್ಗೆ ಮತ್ತೆ ಅದೇ ಟಕಟಕ.

ಸದ್ದಿನ ಜೊತೆ ಹೇಳಬೇಕಾದ ಅರ್ಧ ವಿಷಯವನ್ನು ನಾವು ಹೇಳಿರುವುದೇ ಇಲ್ಲ. ಅದು ಯಾವಾಗ ಶುರುವಾಗುತ್ತದೆ, ಯಾವಾಗ ನಿಲ್ಲುತ್ತದೆ, ಏನು ಮಾಡಿದರೆ ಜಾಸ್ತಿಯಾಗುತ್ತದೆ? ಇಷ್ಟು ಗೊತ್ತಾದರೆ ಹುಡುಕುವ ಜಾಗ ಎಷ್ಟೋ ಕಿರಿದಾಗುತ್ತದೆ. ಇದಕ್ಕೆ ಎಂಜಿನ್ ಬಿಚ್ಚಲು ಬರಬೇಕಿಲ್ಲ. ಹೇಳಲು ಮಾತಿಗೂ ಬರವಿಲ್ಲ. ಟಕಟಕ, ಠಣ್‌ಠಣ್, ಗರಗರ, ಕೀಚ್, ಬುಸ್, ಲೊಡಲೊಡ ಎಂದು ನಮ್ಮ ಮಾತಿನಲ್ಲಿ ಒಂದೊಂದು ಸದ್ದಿಗೂ ಒಂದೊಂದು ಹೆಸರಿದೆ. ಸಂಕೋಚವಿಲ್ಲದೆ ಅವನ್ನೇ ಬಳಸಿ.

ಮೊದಲು ಆಯಿಲ್ ನೋಡಿ

ಯಾವ ಸದ್ದೇ ಇರಲಿ, ಮೊದಲ ಕೆಲಸ ಇದೇ. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ 5–10 ನಿಮಿಷ ಬಿಡಿ, ಮೇಲಿನ ಆಯಿಲ್ ಕೆಳಗೆ ಇಳಿಯಲಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಹೊರತೆಗೆದು ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ತೆಗೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕೆಳಗಿನ ಗುರುತಿಗಿಂತ ಕಡಿಮೆ ಇದ್ದರೆ ನಿಮ್ಮ ಟಕಟಕಕ್ಕೆ ಅದೇ ಕಾರಣ ಇರಬಹುದು. ಕೈಪಿಡಿಯಲ್ಲಿ ಹೇಳಿದ ಗ್ರೇಡಿನ ಆಯಿಲನ್ನೇ ಹಾಕಿ.

ಎರಡು ಬೆರಳ ನಡುವೆ ಒಂದು ಹನಿ ಉಜ್ಜಿ ನೋಡಿ. ಆಯಿಲ್ ಕಪ್ಪಾಗಿದ್ದ ಮಾತ್ರಕ್ಕೆ ಗಾಬರಿ ಬೇಡ. ಡೀಸೆಲ್ ಎಂಜಿನ್‌ನಲ್ಲಂತೂ ಅದು ಬೇಗನೆ ಕಪ್ಪಾಗುತ್ತದೆ. ಆದರೆ ಹನಿಯಲ್ಲಿ ಮಿಣಮಿಣ ಹೊಳೆಯುವ ಲೋಹದ ಪುಡಿ ಕಂಡರೆ ಒಳಗೆ ಏನೋ ಸವೆಯುತ್ತಿದೆ ಎಂದರ್ಥ. ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ಎಂಜಿನ್ ತಂಪಾಗಿಡುವ ಕೂಲೆಂಟ್ ನೀರು ಒಳಗೆ ಸೇರಿರಬಹುದು. ಈ ಎರಡರಲ್ಲಿ ಯಾವುದು ಕಂಡರೂ ಮತ್ತೆ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಿ.

ಓಡಿಸುವಾಗ ಕೆಂಪು ಆಯಿಲ್ ದೀಪ ಹತ್ತಿಕೊಂಡರೆ ಮುಂದಿನ ತಿರುವಿನವರೆಗೆ ಹೋಗೋಣ ಎನ್ನಬೇಡಿ. ಪಕ್ಕಕ್ಕೆ ತೆಗೆದು ಎಂಜಿನ್ ನಿಲ್ಲಿಸಿ. ಆ ದೀಪ ಹತ್ತುವುದು ಆಯಿಲ್ ಒತ್ತಡ ಕುಸಿದಾಗ. ಒತ್ತಡ ಇಲ್ಲದ ಎಂಜಿನ್ ಹಾಳಾಗಲು ಒಂದೆರಡು ನಿಮಿಷ ಸಾಕು.

ಸದ್ದು ಎಂಜಿನ್‌ನದ್ದೇನಾ?

ಎಂಜಿನ್ ಸದ್ದು ಅಂದುಕೊಂಡಿದ್ದು ಚಕ್ರದ ಬೇರಿಂಗ್ ಸದ್ದಾಗಿರುವುದು ತುಂಬಾ ಸಾಮಾನ್ಯ. ಕಾರನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಒತ್ತಿ. ಸದ್ದು ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಜೊತೆ ಏರಿ ಇಳಿದರೆ ಎಂಜಿನ್‌ನದ್ದೋ ಅದಕ್ಕೆ ಅಂಟಿಕೊಂಡ ಭಾಗದ್ದೋ ಆಗಿರುತ್ತದೆ. ನಿಂತಾಗ ಏನೂ ಇಲ್ಲ, ಕಾರಿನ ವೇಗ ಹೆಚ್ಚಿದಂತೆ ಮಾತ್ರ ಹೂಂಗುಟ್ಟುತ್ತದೆ ಎಂದಾದರೆ ಟೈರ್, ಚಕ್ರದ ಬೇರಿಂಗ್ ಕಡೆ ನೋಡಿ.

ಮ್ಯಾನುಯಲ್ ಗೇರಿನ ಕಾರಾದರೆ ಕ್ಲಚ್ಚನ್ನೂ ಒಮ್ಮೆ ಒತ್ತಿ ಬಿಡಿ. ಒತ್ತಿದಾಗ ಸದ್ದು ನಿಂತರೆ ಅನುಮಾನ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ. ಒತ್ತಿದಾಗಲೇ ಶುರುವಾದರೆ ಕ್ಲಚ್ಚಿನ ರಿಲೀಸ್ ಬೇರಿಂಗ್ ಮೇಲೆ.

ಒಂದು ದಿನ ಸುಮ್ನೆ ಗಮನಿಸಿ

ಇಲ್ಲಿ ಆತುರ ಬೇಡ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಏನು ಕೇಳಿಸಿತು? ಎಷ್ಟು ಸೆಕೆಂಡು ಇತ್ತು? ಬಿಸಿಯಾದ ಮೇಲೆ ಹೋಯಿತೋ, ಜಾಸ್ತಿಯಾಯಿತೋ? ಎಸಿ ಹಾಕಿದಾಗ? ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ? ಏರು ಹತ್ತುವಾಗ? ಇವನ್ನೆಲ್ಲ ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಜೊತೆಗೆ ಸದ್ದನ್ನು ರೆಕಾರ್ಡ್ ಮಾಡಿ. ಮನೆಯಲ್ಲಿ ಇನ್ನೊಬ್ಬರು ಅದೇ ಕಾರು ಓಡಿಸುತ್ತಾರಾದರೆ ಅವರನ್ನೂ ಕೇಳಿ. ದಿನಾ ಕೇಳಿ ಅಭ್ಯಾಸವಾದ ಕಿವಿಗೆ ಎಷ್ಟೋ ಸದ್ದು ಗೊತ್ತೇ ಆಗುವುದಿಲ್ಲ.

ಸ್ಕ್ರೂಡ್ರೈವರೇ ಸ್ಟೆತಸ್ಕೋಪ್

ಈಗ ಜಾಗ ಹುಡುಕೋಣ. ಕಾರು ಬಯಲಲ್ಲಿ ಇರಲಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವಕ್ಕೇ ಅಪಾಯ. ಸಡಿಲ ತೋಳು, ಶಾಲು, ಬಿಟ್ಟ ಕೂದಲು ಬೆಲ್ಟಿನ ಹತ್ತಿರ ಸುಳಿಯಬಾರದು. ರೇಡಿಯೇಟರ್ ಫ್ಯಾನ್ ಎಂಜಿನ್ ನಿಂತಿದ್ದರೂ ತಾನಾಗಿ ತಿರುಗಬಹುದು, ಅಲ್ಲಿಗೆ ಕೈ ಹಾಕಲೇಬೇಡಿ.

ಮೆಕ್ಯಾನಿಕ್‌ಗಳ ಸ್ಟೆತಸ್ಕೋಪ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಉದ್ದನೆಯ ಸ್ಕ್ರೂಡ್ರೈವರ್ ಸಾಕು. ತುದಿಯನ್ನು ಎಂಜಿನ್‌ನ ತಿರುಗದ ಭಾಗಕ್ಕೆ ಒತ್ತಿ ಹಿಡಿಯಿರಿ. ಹಿಡಿಕೆಯನ್ನು ಕಿವಿಯ ಹಿಂದಿನ ಮೂಳೆಗೆ ತಾಗಿಸಿ. ಮೊದಲ ಸಲ ಕೇಳಿದಾಗ ನಿಜಕ್ಕೂ ಆಶ್ಚರ್ಯವಾಗುತ್ತದೆ. ಹೊರಗಿನ ಗದ್ದಲವೆಲ್ಲ ಹಿಂದೆ ಸರಿದು ಒಂದೊಂದು ಭಾಗದ ದನಿ ಬೇರೆಯಾಗಿ ಕೇಳಿಸುತ್ತದೆ. ಇಂಧನ ಚಿಮ್ಮಿಸುವ ಇಂಜೆಕ್ಟರ್ ಮೇಲೆ ಇಟ್ಟರೆ ಗಡಿಯಾರದಂತೆ ಟಿಕ್ ಟಿಕ್, ಅದು ಸಹಜ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ ಇಟ್ಟಾಗ ಸಣ್ಣಗೆ ಒಂದೇ ಸಮನೆ ಗುಂಯ್ ಎಂದರೆ ಸರಿ. ಮರಳು ಅರೆದ ಹಾಗೆ ಗರಗರ ಎಂದರೆ ಅದರ ಬೇರಿಂಗ್ ಹೋಗಿದೆ. ಸ್ಕ್ರೂಡ್ರೈವರನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಸದ್ದು ಯಾವ ಜಾಗದಲ್ಲಿ ದೊಡ್ಡದಾಗುತ್ತದೆ ಎಂದು ನೋಡಿ. ಬೆಲ್ಟಿಗೆ, ಬೆಲ್ಟ್ ಸುತ್ತುವ ಚಕ್ರವಾದ ಪುಲ್ಲಿಗೆ, ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಮಾತ್ರ ತಾಗಿಸಬೇಡಿ.

ಕೀಚ್, ಗರಗರ: ಬೆಲ್ಟಿನ ಕಡೆ

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ, ಮಳೆಯ ದಿನ, ಎಸಿ ಹಾಕಿದಾಗ ಕೀಚ್ ಎಂದು ಕಿರುಚಿದರೆ ಬಹುಪಾಲು ಬೆಲ್ಟೇ ಕಾರಣ. ಒಂದು ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ, ದೂರ ನಿಂತು, ಬೆಲ್ಟಿನ ಗೆರೆಗಳಿರುವ ಬದಿಗೆ ಸ್ವಲ್ಪವೇ ಚಿಮುಕಿಸಿ. ಸದ್ದು ಒಂದು ಕ್ಷಣ ನಿಂತು ಮತ್ತೆ ಬಂದರೆ ಯಾವುದೋ ಪುಲ್ಲಿ ಸಾಲು ತಪ್ಪಿದೆ. ಜಾಸ್ತಿಯಾದರೆ ಬೆಲ್ಟ್ ಸಡಿಲವಾಗಿ ಜಾರುತ್ತಿದೆ. ಒಂದು ಬಾಟಲಿ ನೀರಿನಿಂದ ಇಷ್ಟು ಗೊತ್ತಾಗುತ್ತದೆ. ಹೊಸ ಬೆಲ್ಟ್ ಹಾಕಿಸುವ ಮೊದಲು ಇದನ್ನು ಮಾಡಲೇಬೇಕು. ಪುಲ್ಲಿ ವಾಲಿದ್ದರೆ ಹೊಸ ಬೆಲ್ಟೂ ಸ್ವಲ್ಪ ದಿನಕ್ಕೆ ಕಿರುಚುತ್ತದೆ.

ಗರಗರ ಸದ್ದಾದರೆ ಬೆಲ್ಟ್ ತಿರುಗಿಸುವ ಭಾಗಗಳನ್ನು ಒಂದೊಂದಾಗಿ ನೋಡಬೇಕು. ನಮ್ಮ ಕಾರಿನಲ್ಲಿ ಒಮ್ಮೆ ಹೀಗೇ ಆಯಿತು. ಒಂದು ಗ್ಯಾರೇಜಿನಲ್ಲಿ ಆಲ್ಟರ್ನೇಟರ್ ಬದಲಾಯಿಸಿದರು. ಮಾರನೇ ದಿನವೇ ಗರಗರ ವಾಪಸ್. ಎರಡನೇ ಮೆಕ್ಯಾನಿಕ್ ಬೆಲ್ಟ್ ಕಳಚಿ, ಎಂಜಿನ್ ಸ್ಟಾರ್ಟ್ ಮಾಡಿ ಕೆಲವೇ ಸೆಕೆಂಡಿನಲ್ಲಿ ಆಫ್ ಮಾಡಿದರು. ಸದ್ದು ಇರಲಿಲ್ಲ. ಅಂದರೆ ತೊಂದರೆ ಎಂಜಿನ್ ಒಳಗೆ ಇಲ್ಲ, ಬೆಲ್ಟಿನ ದಾರಿಯಲ್ಲಿದೆ. ಆಮೇಲೆ ಪುಲ್ಲಿಗಳನ್ನು ಬೆರಳಿನಿಂದ ತಿರುಗಿಸುತ್ತಾ ಬಂದರು. ಬೆಲ್ಟಿಗೆ ದಾರಿ ತೋರಿಸುವ ಐಡ್ಲರ್ ಪುಲ್ಲಿ ಹತ್ತಿರ ನಿಲ್ಲಿಸಿ, "ನೀವೇ ಮುಟ್ಟಿ ನೋಡಿ" ಎಂದರು. ತಿರುಗಿಸಿದರೆ ಒಳಗೆ ಮರಳು ಸಿಕ್ಕಿಕೊಂಡಂತೆ ತಡೆ ತಡೆದು ಹೋಗುತ್ತಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಭಾಗ ಅದು. ಈ ಪರೀಕ್ಷೆಗೆ ಐದು ನಿಮಿಷವೂ ಬೇಕಾಗಲಿಲ್ಲ.

ವಾಟರ್ ಪಂಪಿನ ಬೇರಿಂಗ್ ಕೂಡ ಹೀಗೇ ಗರಗರ ಅನ್ನುತ್ತದೆ. ಅದರ ಸುತ್ತ ಕೂಲೆಂಟ್ ಒಣಗಿದ ಕಲೆ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಟಕಟಕ: ಎಣಿಸಿ ನೋಡಿ

ಟಕಟಕ ಎಲ್ಲರನ್ನೂ ಹೆದರಿಸುವ ಸದ್ದು. ಆದರೆ ಅದರಲ್ಲೂ ಭೇದವಿದೆ. ಬೆಳಿಗ್ಗೆ ಮೊದಲ ಕೆಲವು ಸೆಕೆಂಡು ಮಾತ್ರ ಬಂದು ಹೋದರೆ, ರಾತ್ರಿ ಕೆಳಗಿಳಿದ ಆಯಿಲ್ ಮೇಲಿನ ಟ್ಯಾಪೆಟ್‌ಗಳಿಗೆ (ವಾಲ್ವ್‌ಗಳನ್ನು ತಳ್ಳುವ ಭಾಗಗಳು) ತಲುಪಲು ತೆಗೆದುಕೊಂಡ ಸಮಯ ಅಷ್ಟೆ. ಬಿಸಿಯಾದ ಮೇಲೂ ಉಳಿದರೆ ಆಯಿಲ್ ಕಡಿಮೆ, ಆಯಿಲ್ ಹಳೆಯದು, ಇಲ್ಲವೇ ಟ್ಯಾಪೆಟ್ ಅಡ್ಜಸ್ಟ್ ಮಾಡಿಸಬೇಕು.

ಎಣಿಕೆಯಿಂದಲೂ ಒಂದು ಸುಳಿವು ಸಿಗುತ್ತದೆ. ಕಾರುಗಳ ಸಾಮಾನ್ಯ ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಒಂದು ಸುತ್ತು ತಿರುಗುತ್ತದೆ. 800 ಆರ್‌ಪಿಎಂ ಐಡ್ಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಸುಮ್ಮನೆ ಓಡುವಾಗ) ಕ್ರ್ಯಾಂಕ್ ಸೆಕೆಂಡಿಗೆ ಸುಮಾರು 13 ಸಲ, ಕ್ಯಾಮ್ ಆರೇಳು ಸಲ ತಿರುಗುತ್ತದೆ. ವಿಡಿಯೊ ಮಾಡಿ ನಿಧಾನವಾಗಿ ಓಡಿಸಿ ಎಣಿಸಿ. ಸೆಕೆಂಡಿಗೆ ಆರೇಳು ಬಡಿತ ಬಂದರೆ ವಾಲ್ವ್‌ಗಳ ಕಡೆ ಅನುಮಾನ. 13ರ ಹತ್ತಿರ ಬಂದು, ಸದ್ದೂ ದಪ್ಪಗಿದ್ದರೆ ಕೆಳಗಿನ ಕ್ರ್ಯಾಂಕ್ ಕಡೆ ಅನುಮಾನ. ಒಂದಕ್ಕಿಂತ ಜಾಸ್ತಿ ವಾಲ್ವ್ ಸದ್ದು ಮಾಡುತ್ತಿದ್ದರೆ ಲೆಕ್ಕ ಕಲಸಿಹೋಗುತ್ತದೆ, ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ.

ವಾಲ್ವಿನಂತೆಯೇ ಕೇಳಿಸಿ ಮೋಸ ಮಾಡುವ ಇನ್ನೊಂದಿದೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್‌ನ ಹೊಗೆ ಹೊರಹೋಗುವ ಕೊಳವೆ) ಸೋರಿಕೆ. ತಣ್ಣಗಿರುವಾಗ ಚಟ್ ಚಟ್ ಎಂದು ಜೋರಾಗಿರುತ್ತದೆ. ಬಿಸಿಯಾಗಿ ಲೋಹ ಹಿಗ್ಗಿದಾಗ ಸಂದು ಮುಚ್ಚಿ ಸದ್ದು ಕಡಿಮೆಯಾಗುತ್ತದೆ. ಎಂಜಿನ್ ತಣಿದ ಮೇಲೆ ಅದರ ಜೋಡಣೆಯಲ್ಲಿರುವ ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿ ಗೆರೆ ಇದೆಯಾ ನೋಡಿ.

ಕ್ರ್ಯಾಂಕ್, ಕ್ಯಾಮ್‌ಗಳನ್ನು ಜೋಡಿಸುವ ಟೈಮಿಂಗ್ ಚೈನ್ ಇರುವ ಎಂಜಿನ್‌ನಲ್ಲಿ ತಣ್ಣನೆಯ ಸ್ಟಾರ್ಟಿಗೆ ಸರಪಳಿ ಅಲುಗಿಸಿದಂತೆ ಜರಜರ ಕೇಳಿದರೆ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಸೋತಿರಬಹುದು. ಇದನ್ನು ಮುಂದೂಡಬೇಡಿ. ಚೈನ್ ಹಲ್ಲು ಹಾರಿದರೆ ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವಿಗೆ ಪಿಸ್ಟನ್ ಬಡಿಯುತ್ತದೆ.

ಠಕ್ ಠಕ್ ಬಂದರೆ ನಿಲ್ಲಿಸಿ

ದಪ್ಪಗೆ, ಆಳದಿಂದ, ಸುತ್ತಿಗೆ ಬಡಿದ ಹಾಗೆ ಠಕ್ ಠಕ್ ಬಂದು, ಆಕ್ಸಿಲರೇಟರ್ ಒತ್ತಿದಷ್ಟೂ ಜೋರಾದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿರುವ ಸಾಧ್ಯತೆ ದೊಡ್ಡದು. ಬಿಸಿಯಾಗಿ ಆಯಿಲ್ ತೆಳ್ಳಗಾದಂತೆ ಇದು ಸಾಮಾನ್ಯವಾಗಿ ಜಾಸ್ತಿಯಾಗುತ್ತದೆ. ಪಿಸ್ಟನ್ ಸಡಿಲವಾದಾಗಲೂ ಬಡಿತ ಕೇಳಿಸುತ್ತದೆ, ಆದರೆ ಅದು ತಣ್ಣಗಿರುವಾಗ ಜೋರು, ಪಿಸ್ಟನ್ ಬಿಸಿಯಾಗಿ ಹಿಗ್ಗಿದಾಗ ಕಡಿಮೆ. ಯಾವುದು ಎಂದು ನಿರ್ಧರಿಸುವ ಕೆಲಸ ಮೆಕ್ಯಾನಿಕ್‌ಗೆ ಬಿಡಿ. ನಿಧಾನಕ್ಕೆ ಓಡಿಸಿಕೊಂಡು ಹೋಗೋಣ ಅನ್ನಬೇಡಿ, ಟೋಯಿಂಗ್ ಗಾಡಿ ಕರೆಸಿ. ಬೇರಿಂಗ್ ಪೂರ್ತಿ ಹೋದರೆ ರಾಡ್ ಮುರಿದು ಎಂಜಿನ್ ಬ್ಲಾಕನ್ನೇ ಒಡೆದು ಹೊರಬರಬಹುದು.

ಏರಿನಲ್ಲಿ ಮಾತ್ರ, ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದಂತೆ ಕಿಣಿಕಿಣಿ ಬಂದರೆ ಅದು ಬೇರೆ ಕಥೆ. ಪೆಟ್ರೋಲ್ ಹದ ತಪ್ಪಿ ಉರಿಯುತ್ತಿದೆ. ಗೇರ್ ಇಳಿಸಿದ ಕೂಡಲೇ ನಿಂತರೆ, ದೊಡ್ಡ ಗೇರಿನಲ್ಲಿ ಎಂಜಿನ್ ಎಳೆಯುತ್ತಿದ್ದೀರಿ ಅಷ್ಟೆ. ಮತ್ತೂ ಬಂದರೆ ಪೆಟ್ರೋಲಿನ ಆಕ್ಟೇನ್, ಒಳಗೆ ಕಟ್ಟಿದ ಕಾರ್ಬನ್, ಎಂಜಿನ್ ತಾಪ ಪರೀಕ್ಷಿಸಿ. ಡೀಸೆಲ್ ಎಂಜಿನ್ ತಣ್ಣಗಿರುವಾಗ ಕೊಂಚ ಕಟಕಟ ಅನ್ನುವುದು ಅದರ ಹುಟ್ಟುಗುಣ.

ಇನ್ನುಳಿದವು ಚಿಕ್ಕವು. ಬುಸ್ ಎಂದು ಗಾಳಿ ಎಳೆದುಕೊಂಡ ಸದ್ದು ಬಂದು ಐಡ್ಲಿಂಗ್ ಏರುಪೇರಾದರೆ ಯಾವುದೋ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿರಬಹುದು. ಒಂದೇ ಒಂದು ಆರ್‌ಪಿಎಂನಲ್ಲಿ ಝಣಝಣ ಅಂದು ಮಾಯವಾದರೆ ಸೈಲೆನ್ಸರ್ ಮೇಲಿನ ತಗಡು ಸಡಿಲವಾಗಿರಬಹುದು, ತಣಿದ ಮೇಲೆ ಕೈಯಲ್ಲಿ ತಟ್ಟಿ ನೋಡಿ. ಗೇರ್ ಹಾಕಿದಾಗ ದಡ್ ಎಂದರೆ ಎಂಜಿನ್ ಮೌಂಟಿಂಗ್ (ಎಂಜಿನ್ ಕೂರಿಸಿದ ಆಧಾರ) ನೋಡಿಸಿ.

ಗ್ಯಾರೇಜಿಗೆ ಹೋಗುವಾಗ

"ಎಂಜಿನ್ ಸದ್ದು" ಎಂದು ಬರೆಸಿ ಬರಬೇಡಿ. "ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೇಲೆ ಎರಡು ನಿಮಿಷ ಚಟ್ ಚಟ್ ಅನ್ನುತ್ತೆ, ಬಲಬದಿಯಿಂದ, ಬಿಸಿಯಾದ ಮೇಲೆ ಇರಲ್ಲ" ಎಂದು ಬರೆಸಿ. ರೆಕಾರ್ಡಿಂಗ್ ಕೇಳಿಸಿ. ತಣ್ಣಗಿದ್ದಾಗ ಮಾತ್ರ ಬರುವ ಸದ್ದಾದರೆ ಹಿಂದಿನ ಸಂಜೆಯೇ ಕಾರು ಬಿಟ್ಟು, ಬೆಳಿಗ್ಗೆ ಮೊದಲ ಸ್ಟಾರ್ಟ್ ಅವರೇ ಮಾಡಲಿ ಎಂದು ಕೇಳಿಕೊಳ್ಳಿ. ಯಾವುದೇ ಭಾಗ ಬದಲಾಯಿಸಬೇಕು ಅಂದರೆ, ಹಳೆಯದನ್ನು ನಿಮ್ಮ ಕೈಗೆ ಕೊಟ್ಟು ತಿರುಗಿಸಿ ತೋರಿಸಲು ಹೇಳಿ.