ರಾಕ್‌ಸ್ಮಿತ್ ಆಟಕ್ಕೆ ನಿಮ್ಮದೇ ಹಾಡು ಸೇರಿಸಿ

ಯೂಬಿಸಾಫ್ಟ್ ಕಂಪನಿಯ ರಾಕ್‌ಸ್ಮಿತ್ ಗಿಟಾರ್ ನುಡಿಸುವ ವಿಡಿಯೋ ಗೇಮ್. ಅದನ್ನು ಆಡಲು ಪ್ಲಾಸ್ಟಿಕ್ ಆಟಿಕೆ ಗಿಟಾರ್ ಸಾಲದು. ನಿಜವಾದ ಗಿಟಾರನ್ನೇ ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಬೇಕು. ಪರದೆಯಲ್ಲಿ ತಂತಿಗೊಂದು ಬಣ್ಣ. ಬಣ್ಣದ ಬಿಲ್ಲೆಗಳು ತೇಲಿ ಬಂದಂತೆ ಆಯಾ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಮನೆ) ಒತ್ತಿ ಮೀಟಬೇಕು. ಆಟದ ಜೊತೆ ಬರುವ ಹಾಡುಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ ರಾಕ್. ಅದಕ್ಕೇ ಅಭಿಮಾನಿಗಳು ತಮಗೆ ಬೇಕಾದ ಹಾಡುಗಳನ್ನು ತಾವೇ ಸಿದ್ಧಪಡಿಸಿಕೊಳ್ಳುತ್ತಾರೆ. ಇದು ನಡೆಯುವುದು 2013ರಲ್ಲಿ ಬಂದ ‘ರಾಕ್‌ಸ್ಮಿತ್ 2014’ರ ಕಂಪ್ಯೂಟರ್ ಆವೃತ್ತಿಯಲ್ಲಿ. 2022ರ ಚಂದಾ ಆವೃತ್ತಿಯಲ್ಲಿ ನಡೆಯದು.

ಮೊದಲು ಧ್ವನಿಮುದ್ರಣ. ಸಿನಿಮಾ ಹಾಡಿಗೆ ಕೈ ಹಾಕುವ ಮುನ್ನ ಯೋಚಿಸಿ: ಭಾರತದಲ್ಲಿ ಧ್ವನಿಮುದ್ರಣದ ಹಕ್ಕುಸ್ವಾಮ್ಯ 60 ವರ್ಷ ಇರುತ್ತದೆ. ಹಕ್ಕುಸ್ವಾಮ್ಯವಿಲ್ಲದ ಸಂಗೀತವನ್ನು ನೀವೇ ನುಡಿಸಿದ್ದಾದರೆ ತಕರಾರಿಲ್ಲ. ನನ್ನ ಸಲಹೆ, ಕರ್ನಾಟಕ ಸಂಗೀತದ ಮೊದಲ ಪಾಠವಾದ ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ ಶುರು ಮಾಡಿ. ಸಮಗತಿಯಲ್ಲಿ ಪೆಟ್ಟು ಹಾಕುವ ಮೆಟ್ರೊನೋಮ್ ಹಾಕಿಕೊಂಡೇ ನುಡಿಸಿ, ಆರಂಭದಲ್ಲಿ ಕೆಲವು ಸೆಕೆಂಡು ಮೌನ ಬಿಡಿ. ಆಡುವವರಿಗೆ ಕೈ ಸರಿಮಾಡಿಕೊಳ್ಳಲು ಬಿಡುವು ಬೇಕು.

ಮುಂದಿನದು ಲಯ ಕೂಡಿಸುವುದು. ನಿಜವಾದ ದುಡಿಮೆ ಇಲ್ಲಿಯೇ ಇದೆ. ‘ಎಡಿಟರ್ ಆನ್ ಫೈರ್’ ಎಂಬ ಉಚಿತ ತಂತ್ರಾಂಶದಲ್ಲಿ ಧ್ವನಿ ಕಡತ ತೆರೆದರೆ ತಾಳದ ಪೆಟ್ಟುಗಳ ಗುರುತುಗಳು ಸಾಲಾಗಿ ಕಾಣುತ್ತವೆ. ಅವು ನುಡಿಸಿದ ಪೆಟ್ಟಿನ ಮೇಲೆ ಕರಾರುವಾಕ್ಕಾಗಿ ಕೂರಬೇಕು. ನಿಮಿಷಕ್ಕೆ 100 ಪೆಟ್ಟಿನ ಹಾಡಿಗೆ 101 ಎಂದು ಕೊಟ್ಟು ನೋಡಿ: ಮೊದಲ ಸಾಲಿನಲ್ಲಿ ಏನೂ ಗೊತ್ತಾಗುವುದಿಲ್ಲ, ಮೂರು ನಿಮಿಷ ಕಳೆಯುವಷ್ಟರಲ್ಲಿ ಪರದೆ ಮೂರು ಪೆಟ್ಟು ಮುಂದೆ ಓಡಿರುತ್ತದೆ. ಗೆಳೆಯರೊಂದಿಗೆ ಮೆಟ್ರೊನೋಮ್ ಇಲ್ಲದೆ ನುಡಿಸಿದ್ದರೆ ಒಂದೇ ವೇಗ ನಂಬಬೇಡಿ. ವೇಗ ತಗ್ಗಿಸಿ ಕೇಳುತ್ತಾ, ಪ್ರತಿ ಆವರ್ತನದ ಮೊದಲ ಪೆಟ್ಟಿನ ಗುರುತನ್ನು ಎಳೆದು ಸರಿಯಾದ ಜಾಗಕ್ಕೆ ಕೂರಿಸಿ. ಬೇಸರದ ಕೆಲಸ, ನಿಜ. ಆದರೆ ಇದನ್ನು ಅವಸರದಲ್ಲಿ ಮುಗಿಸಿದ ಹಾಡನ್ನು ಯಾರೂ ಎರಡನೇ ಸಲ ಆಡುವುದಿಲ್ಲ.

ಆಮೇಲೆ ಸ್ವರಗಳು. ‘ಗಿಟಾರ್ ಪ್ರೊ’ ತಂತ್ರಾಂಶದಲ್ಲಿ ಬರೆದ ಸ್ವರಲಿಪಿಯ ಕಡತ ಇದ್ದರೆ ನೇರವಾಗಿ ತಂದುಕೊಳ್ಳಬಹುದು. ಇಲ್ಲವಾದರೆ ತಂತಿ, ಫ್ರೆಟ್ ಎರಡನ್ನೂ ನೀವೇ ತುಂಬಬೇಕು. ಇಲ್ಲಿ ಬೆರಳಿನ ವಿವೇಚನೆ ಮುಖ್ಯ. ಐದನೇ ತಂತಿಯ (ತೆಳ್ಳನೆಯ ತಂತಿಯಿಂದ ಎಣಿಸಿ) ಮೂರನೇ ಫ್ರೆಟ್ಟನ್ನು ಷಡ್ಜ ಮಾಡಿಕೊಂಡರೆ ಶುದ್ಧ ರಿಷಭ ನಾಲ್ಕರಲ್ಲಿ. ಅಂತರ ಗಾಂಧಾರ ನಾಲ್ಕನೇ ತಂತಿಯ ಎರಡರಲ್ಲಿ, ಮಧ್ಯಮ ಮೂರರಲ್ಲಿ, ಪಂಚಮ ಐದರಲ್ಲಿ. ಶುದ್ಧ ಧೈವತ ಅದೇ ತಂತಿಯ ಆರರಲ್ಲೂ ಉಂಟು, ಮೂರನೇ ತಂತಿಯ ಒಂದರಲ್ಲೂ ಉಂಟು. ಕಿವಿಗೆ ಎರಡೂ ಒಂದೇ. ಆದರೆ ನಿಷಾದವನ್ನು ಮೂರನೇ ತಂತಿಯ ನಾಲ್ಕನೇ ಫ್ರೆಟ್ಟಿನಲ್ಲಿ ನುಡಿಸಬೇಕಿರುವಾಗ, ಒಂದಕ್ಕೆ ಜಾರಿ ಮತ್ತೆ ಮೇಲೇರುವುದಕ್ಕಿಂತ ಆರೇ ವಾಸಿ. ಕೈ ಅಲ್ಲೇ ನಿಂತಿರುತ್ತದೆ. ಕೈ ಯಾವ ಫ್ರೆಟ್ಟಿನ ಬಳಿ ಇರಬೇಕೆಂದೂ ಎಡಿಟರ್‌ನಲ್ಲಿ ಗುರುತಿಸಬೇಕು. ಪರದೆಯ ನೋಟ ಸರಿಯುವುದು ಅದನ್ನು ಅನುಸರಿಸಿ. ಗಮಕಗಳಿಗೆ ಜಾರು, ತಂತಿ ಎಳೆತದ ಗುರುತುಗಳಿವೆ. ಸ್ವರವನ್ನು ನಡುಗಿಸುವ ಕಂಪಿತವನ್ನು ಪೂರ್ತಿಯಾಗಿ ಬರೆಯಲು ಹೊರಟರೆ ಪರದೆ ಗೋಜಲಾಗುತ್ತದೆ, ಕಲಿಯುವವರಿಗೆ ಬಿಟ್ಟುಬಿಡಿ.

ಉಳಿದದ್ದು ಕಟ್ಟುವ ಕೆಲಸ. ‘ಕಸ್ಟಮ್ ಸಾಂಗ್ ಟೂಲ್‌ಕಿಟ್’ ಎಂಬ ತಂತ್ರಾಂಶದಲ್ಲಿ ಹಾಡಿನ ಹೆಸರು, ಚಿತ್ರ, ಶ್ರುತಿ, ಗಿಟಾರಿನ ನಾದ, ಧ್ವನಿ ಕಡತಗಳನ್ನು ತುಂಬಿ. ಧ್ವನಿಯನ್ನು ಆಟಕ್ಕೆ ಒಗ್ಗುವ ರೂಪಕ್ಕೆ ತರಲು ‘ವೈಸ್’ ಎಂಬ ಇನ್ನೊಂದು ತಂತ್ರಾಂಶ ಬೇಕಾಗುತ್ತದೆ. ಸುಲಭದಿಂದ ಕಷ್ಟದವರೆಗಿನ ಹಂತಗಳನ್ನು ‘ಡಿಡಿಸಿ’ ಎಂಬ ತಂತ್ರಾಂಶ ತಾನೇ ಮಾಡಿಕೊಡುತ್ತದೆ, ಸರಳೆ ವರಸೆಗೆ ಅದು ಬೇಡ. ಕೊನೆಗೆ ಸಿಗುವ ಒಂದೇ ಕಡತವನ್ನು ಆಟದ ‘ಡಿಎಲ್‌ಸಿ’ ಫೋಲ್ಡರಿಗೆ ಹಾಕಿ. ಹೊರಗಿನ ಹಾಡನ್ನು ಆಟ ತಾನಾಗಿ ತೆರೆಯದು. ಅಭಿಮಾನಿಗಳು ಬರೆದ ಪುಟ್ಟ ಪೂರಕ ಕಡತವೂ ಜೊತೆಗಿರಬೇಕು.

ಮೊದಲ ಸಲ ಆಡುವಾಗ ಬಿಲ್ಲೆಗಳೆಲ್ಲ ಒಂದೇ ಸಮನೆ ಬೇಗ ಅಥವಾ ತಡವಾಗಿ ಬಂದರೆ ಹಾಡನ್ನು ತಿದ್ದಲು ಹೋಗಬೇಡಿ. ಆಟದ ಜೊತೆ ಬಂದ ಯಾವುದಾದರೂ ಹಾಡನ್ನು ಆಡಿ ನೋಡಿ. ಅಲ್ಲೂ ಹಾಗೆಯೇ ಆದರೆ ದೋಷ ಟಿವಿ ಅಥವಾ ಸ್ಪೀಕರಿನದು. ಆಟದ ಸೆಟ್ಟಿಂಗ್ಸ್‌ನಲ್ಲಿ ಧ್ವನಿ ವಿಳಂಬವನ್ನು ಹೊಂದಿಸಿಕೊಂಡರೆ ಸರಿಹೋಗುತ್ತದೆ.