ಇಬ್ಬರೇ ಹಾಯಿದೋಣಿಯಲ್ಲಿ, ದ್ವೀಪದಿಂದ ದ್ವೀಪಕ್ಕೆ

ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಒಂದು ದಡದಲ್ಲಿ ನಿಂತರೆ ಮುಂದಿನ ದ್ವೀಪ ಸಾಮಾನ್ಯವಾಗಿ ಕಣ್ಣಿಗೇ ಬೀಳುತ್ತದೆ. ಹಾಗಾಗಿ ಹಾಯಿದೋಣಿ ಬಾಡಿಗೆಗೆ ಪಡೆದು ತಾವೇ ನಡೆಸಬೇಕೆನ್ನುವ ದಂಪತಿಗೆ ಕೆರಿಬಿಯನ್ನಿನ ಈ ಮೂಲೆ ಹೇಳಿ ಮಾಡಿಸಿದ ಜಾಗ. ಉತ್ತರಕ್ಕೆ ಟಾರ್ಟೋಲಾ, ದಕ್ಷಿಣಕ್ಕೆ ಸಾಲಾಗಿ ನಾರ್ಮನ್, ಪೀಟರ್, ಸಾಲ್ಟ್, ಕೂಪರ್, ಜಿಂಜರ್. ನಡುವಿನ ಸರ್ ಫ್ರಾನ್ಸಿಸ್ ಡ್ರೇಕ್ ಚಾನೆಲ್‌ಗೆ ತೆರೆಸಮುದ್ರದ ದೊಡ್ಡ ಅಲೆ ನುಗ್ಗುವುದು ಕಡಿಮೆ.

ಯಾವಾಗ, ಎಂಥ ದೋಣಿ

ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2017ರ ಸೆಪ್ಟೆಂಬರ್ 6ರಂದು ಬಂದ ಇರ್ಮಾ ಇಲ್ಲಿನ ದೋಣಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟು ಹೋಯಿತು. ಅಮೆರಿಕದಲ್ಲಿರುವ ಕನ್ನಡಿಗರು ಕ್ರಿಸ್‌ಮಸ್ ರಜೆಗೆ ಹೊಂದಿಸಿಕೊಳ್ಳಲು ನೋಡುತ್ತಾರೆ. ಆದರೆ ಆಗ ಬೀಸುವ ‘ಕ್ರಿಸ್‌ಮಸ್ ಗಾಳಿ’ 25 ನಾಟ್ (ಗಂಟೆಗೆ ಸುಮಾರು 46 ಕಿ.ಮೀ.) ದಾಟಿ ದಿನಗಟ್ಟಲೆ ಬೀಸುತ್ತಲೇ ಇರುತ್ತದೆ. ಮೊದಲ ಪ್ರವಾಸಕ್ಕೆ ಏಪ್ರಿಲ್, ಮೇ ವಾಸಿ.

ಇಬ್ಬರಿಗೆ 36ರಿಂದ 40 ಅಡಿಯ ಒಂಟಿಒಡಲ ದೋಣಿ ಸಾಕು. ಬಾಡಿಗೆ ಕೊಡುವವರು ನಿಮ್ಮ ಅನುಭವದ ವಿವರ ಕೇಳುತ್ತಾರೆ. ಅನುಮಾನ ಬಂದರೆ ಮೊದಲ ಒಂದೆರಡು ದಿನ ಕ್ಯಾಪ್ಟನ್‌ನನ್ನು ಜತೆಗೆ ಕಳಿಸುತ್ತಾರೆ. ಬೇಡ ಅನ್ನಬೇಡಿ.

ಗಾಳಿಗೆದುರಿನ ದಾರಿ ಮೊದಲು

ಗಾಳಿ ಬಹುಪಾಲು ಪೂರ್ವದಿಂದ. ಹಾಯಿದೋಣಿ ಗಾಳಿ ಬರುವ ದಿಕ್ಕಿಗೆ ಸುಮಾರು 45 ಡಿಗ್ರಿಗಿಂತ ಹತ್ತಿರ ಸಾಗಲಾರದು. ಎದುರುಗಾಳಿಯಲ್ಲಿ ಅಂಕುಡೊಂಕಾಗಿ ಹೋಗಬೇಕಾದ್ದರಿಂದ, ನಾರ್ಮನ್‌ನಿಂದ ಕೂಪರ್‌ಗೆ ನೇರ 7 ನಾಟಿಕಲ್ ಮೈಲು (ಸುಮಾರು 13 ಕಿ.ಮೀ.) ಇದ್ದರೂ ದೋಣಿ ಸುಮಾರು 10 ಮೈಲು ಓಡುತ್ತದೆ. ಈ ಕಷ್ಟದ ಭಾಗವನ್ನು ಮೈಯಲ್ಲಿ ಹುರುಪಿರುವ ಮೊದಲ ದಿನಗಳಿಗೇ ಇಟ್ಟುಕೊಳ್ಳಿ: ಟಾರ್ಟೋಲಾದ ರೋಡ್ ಟೌನ್, ನಾರ್ಮನ್, ಕೂಪರ್, ವರ್ಜಿನ್ ಗೋರ್ಡಾ. ಆಮೇಲೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಪಶ್ಚಿಮದ ಯೋಸ್ಟ್ ವ್ಯಾನ್ ಡೈಕ್‌ಗೆ ಜಾರಿಕೊಂಡು ಹೋಗಬಹುದು. ಗಾಳಿ 18 ನಾಟ್ ಮುಟ್ಟುವ ಮೊದಲೇ ಹಾಯಿಯನ್ನು ಒಂದು ಮಡಿಕೆ ಮಡಚಿ ಕಿರಿದು ಮಾಡಿ. ‘ಮಾಡಬೇಕೇ?’ ಎಂಬ ಪ್ರಶ್ನೆ ಬಂತೆಂದರೆ ಆಗಲೇ ತಡವಾಗಿದೆ.

ಕೂಪರ್‌ನ ಮ್ಯಾಂಚಿಯೊನೀಲ್ ಕೊಲ್ಲಿ ಒಂದು ವಿಷಮರದ ಹೆಸರು ಹೊತ್ತಿದೆ. ಈ ಭಾಗದ ದಡಗಳಲ್ಲಿ ಬೆಳೆಯುವ ಆ ಮರದ ಹಣ್ಣೂ ವಿಷ, ಹಾಲೂ ವಿಷ. ಮಳೆ ಬಂದಾಗ ಅದರಡಿ ನಿಂತರೆ ಮೈ ಬೊಬ್ಬೆಯೇಳುತ್ತದೆ.

ಕಟ್ಟುವಾಗಲೇ ಜಗಳ

ಹಾಯಿ ಬಿಚ್ಚಿ ಸಾಗುವಾಗ ದಂಪತಿಯ ನಡುವೆ ಮನಸ್ತಾಪ ಬರುವುದು ಅಪರೂಪ. ದೋಣಿ ನಿಲ್ಲಿಸುವಾಗ ಬರುತ್ತದೆ. ಎಂಜಿನ್ ಸದ್ದಿನಲ್ಲಿ ಮುಂದಿರುವವರ ಮಾತು ಚುಕ್ಕಾಣಿ ಹಿಡಿದವರಿಗೆ ಕೇಳದು. ಎಡ, ಬಲ, ನಿಧಾನ, ಹಿಂದಕ್ಕೆ, ನಿಲ್ಲಿಸು: ಈ ಐದಕ್ಕೂ ಕೈಸನ್ನೆಗಳನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ.

ಬಹುತೇಕ ಕೊಲ್ಲಿಗಳಲ್ಲಿ ದೋಣಿ ಕಟ್ಟಲು ಮೂರಿಂಗ್ ಬಾಲ್ ಎಂಬ ತೇಲುಗುಂಡುಗಳಿರುತ್ತವೆ. ಮಧ್ಯಾಹ್ನ ಕಳೆದರೆ ಖಾಲಿ ಸಿಗುವುದು ಕಷ್ಟ, ಆದ್ದರಿಂದ ಒಂದು ಗಂಟೆಯೊಳಗೆ ತಲುಪುವಂತೆ ಹೊರಡಿ. ಗುಂಡಿನ ಬಳಿ ಬರುವ ಮೊದಲು, ಹಿಂದೆ ಎಳೆದು ತರುವ ಚಿಕ್ಕ ದೋಣಿಯ ಹಗ್ಗವನ್ನು ಗಿಡ್ಡ ಮಾಡಿ. ಉದ್ದ ಬಿಟ್ಟಿದ್ದರೆ ಹಿಂದಕ್ಕೆ ಬರುವಾಗ ಅದು ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುತ್ತದೆ. ಗಾಳಿಗೆ ಮುಖಮಾಡಿ ನಿಧಾನಕ್ಕೆ ಸಾಗಿ, ಕೊಕ್ಕೆಕೋಲಿನಿಂದ ಗುಂಡಿನ ಹಗ್ಗವನ್ನು ಎತ್ತಿಕೊಳ್ಳಿ. ಎರಡು ಹಗ್ಗ ಬೇಕು: ಒಂದನ್ನು ದೋಣಿಯ ಮುಂಭಾಗದ ಎಡಗೂಟದಿಂದ ಹೊರಡಿಸಿ, ಗುಂಡಿನ ಹಗ್ಗದ ಕಣ್ಣಿನೊಳಗೆ ತೂರಿಸಿ, ತಿರುಗಿ ಎಡಗೂಟಕ್ಕೇ ಕಟ್ಟಿ, ಇನ್ನೊಂದನ್ನು ಬಲಗೂಟಕ್ಕೆ ಹಾಗೆಯೇ. ಒಂದೇ ಹಗ್ಗವನ್ನು ಎಡದಿಂದ ಬಲಕ್ಕೆ ಹಾಯಿಸಿದರೆ ರಾತ್ರಿಯಿಡೀ ಗರಗಸದಂತೆ ಉಜ್ಜಿ ತುಂಡಾಗಬಹುದು.

ವರ್ಜಿನ್ ಗೋರ್ಡಾದ ಹೆಬ್ಬಂಡೆಗಳ ತಾಣ ‘ದಿ ಬಾತ್ಸ್’ ರಾಷ್ಟ್ರೀಯ ಉದ್ಯಾನ. ಅಲ್ಲಿನ ಗುಂಡುಗಳು ಹಗಲಿಗೆ ಮಾತ್ರ, 90 ನಿಮಿಷದ ಮಿತಿಗೆ. ಪರವಾನಗಿ ಇದೆಯೇ ಎಂದು ಬಾಡಿಗೆಯವರಲ್ಲಿ ಮೊದಲೇ ಕೇಳಿಕೊಳ್ಳಿ. ಕೆಂಪು ಬಾವುಟ ಹಾರುತ್ತಿದ್ದರೆ ಈಜುವ ಯೋಚನೆ ಬಿಟ್ಟು ಮುಂದೆ ಸಾಗಿ.

ಗುಂಡು ಸಿಗದಿದ್ದರೆ ಲಂಗರು. ನೀರಿನಡಿ ಹುಲ್ಲಿಲ್ಲದ, ಹವಳವಿಲ್ಲದ ಬಿಳಿ ಮರಳು ನೋಡಿ. ಉದಾಹರಣೆಗೆ ಆಳ 5 ಮೀಟರ್, ನೀರಿನಿಂದ ದೋಣಿಯ ಮೂತಿಯ ಎತ್ತರ 1 ಮೀಟರ್, ಒಟ್ಟು 6. ಅದರ ಐದು ಪಟ್ಟು, ಅಂದರೆ 30 ಮೀಟರ್ ಸರಪಳಿ ಬಿಡಿ. ಎತ್ತರ ಸೇರಿಸುವುದನ್ನು ಮರೆಯುವವರೇ ಹೆಚ್ಚು. ಸರಪಳಿ ಗಿಡ್ಡವಾದರೆ ಎಳೆತ ಮೇಲ್ಮುಖವಾಗಿ ಲಂಗರು ಕಿತ್ತು ಬರುತ್ತದೆ. ಎಂಜಿನ್ನನ್ನು ಹಿಂದಕ್ಕೆ ಹಾಕಿ ಮೆಲ್ಲಗೆ ಎಳೆಯಿರಿ, ದಡದ ಎರಡು ಗುರುತು ಒಂದೇ ಸಾಲಿನಲ್ಲಿ ನಿಂತಿವೆಯೇ ನೋಡಿ. ಆಮೇಲೆ ಮುಖವಾಡ ಹಾಕಿ ಇಳಿದು ಕಣ್ಣಾರೆ ಪರೀಕ್ಷಿಸಿ. ಬೆಚ್ಚನೆಯ ನೀರು, ಅದೂ ಒಂದು ಸ್ನಾನವೇ.

ಸ್ನಾನಕ್ಕೆ ಸಮುದ್ರ, ಕೊನೆಗೆರಡು ಚೊಂಬು ಸಿಹಿನೀರು ಎಂಬ ರೂಢಿಯಾದರೆ ಇಬ್ಬರಿಗೆ ದಿನಕ್ಕೆ 30ರಿಂದ 40 ಲೀಟರ್‌ನಲ್ಲಿ ಮುಗಿಯುತ್ತದೆ. ಬ್ಯಾಟರಿ ತಿನ್ನುವುದರಲ್ಲಿ ಫ್ರಿಜ್ ಮೊದಲು. ಸೀಸದ ಬ್ಯಾಟರಿ 12.2 ವೋಲ್ಟ್‌ಗೆ ಇಳಿದರೆ ಅರ್ಧ ಖಾಲಿ, ಎಂಜಿನ್ ಓಡಿಸಿ.

ಅನೆಗಾಡಾ: ಕಾಣದ ದ್ವೀಪ

ಉಳಿದವು ಬೆಟ್ಟದ ದ್ವೀಪಗಳು, ಅನೆಗಾಡಾ ಹವಳದ್ದು. ಅತಿ ಎತ್ತರದ ಜಾಗವೂ 28 ಅಡಿಯಷ್ಟೇ, ಹಾಗಾಗಿ ನೆಲಕ್ಕಿಂತ ಮೊದಲು ಮರದ ತುದಿಗಳು ಕಾಣುತ್ತವೆ. ಆಗ್ನೇಯಕ್ಕೆ ಹಾರ್ಸ್‌ಶೂ ರೀಫ್ ಮೈಲುಗಟ್ಟಲೆ ಚಾಚಿದೆ. ಮೊದಲ ಸಲದವರನ್ನು ಅಲ್ಲಿಗೆ ಬಿಡದ ಬಾಡಿಗೆಯವರೂ ಇದ್ದಾರೆ.

ವರ್ಜಿನ್ ಗೋರ್ಡಾದ ನಾರ್ತ್ ಸೌಂಡ್‌ನಿಂದ ಬೆಳಿಗ್ಗೆ ಒಂಬತ್ತಕ್ಕೆ ಬಿಟ್ಟರೆ ಮೂರು ಗಂಟೆಯ ಹಾದಿ. ಉತ್ತರಕ್ಕೆ ಸಾಗುವಾಗ ಸೂರ್ಯ ಬೆನ್ನಿಗಿದ್ದು, ನೆತ್ತಿಗೆ ಬರುವ ಹೊತ್ತಿಗೆ ನೀರಿನ ಬಣ್ಣ ಓದಲು ಸಿಗುತ್ತದೆ: ಕಡುನೀಲಿ ಆಳ, ತಿಳಿಹಸಿರು ಮರಳು, ಕಂದು ಹವಳ. ಪೋಲರಾಯ್ಡ್ ಕನ್ನಡಕ ಇದ್ದರೆ ಇನ್ನೂ ಸ್ಪಷ್ಟ. ದಾರಿ ಗುರುತಿನ ತೇಲುಗಳ ಸಾಲಿಗೆ ಬಂದಾಗ ಭಾರತದಲ್ಲಿ ಕಲಿತವರು ಒಂದು ಕ್ಷಣ ತಡೆಯಬೇಕು. ನಮ್ಮ ಬಂದರುಗಳಿಗೆ ಒಳಬರುವಾಗ ಕೆಂಪು ತೇಲು ಎಡಕ್ಕಿರುತ್ತದೆ. ಇಲ್ಲಿ ಅದನ್ನು ಬಲಕ್ಕೆ ಬಿಟ್ಟು ಒಳಹೋಗಬೇಕು.